ಶಾಲೆ ಬಿಟ್ಟ ಮೇಲೆ ಶೂಲೆ

ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಅಕ್ಕನ ಮನೆಗೆ ಹೋಗಿ ಹತ್ತು ದಿನವಾಗಿತ್ತು. ಲಿಬರ್ಟಿ ಪ್ರತಿಮೆ, ಟೈಮ್ಸ್ ಸ್ಕ್ವೇರ್ ಎಲ್ಲ ಮುಗಿದಿತ್ತು. "ಇವತ್ತು ಎಲ್ಲಿಗೆ?" ಅಂದರು ಭಾವ. "ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಒಂದು ಹಳೇ ಅಪಾರ್ಟ್‌ಮೆಂಟ್ ನೋಡ್ಬೇಕು" ಅಂದೆ. ಆಗ ಭಾವನ ಮುಖ ನೋಡಬೇಕಿತ್ತು.

ಈ ಹುಚ್ಚು ಹತ್ತಿಸಿದ್ದು ಪಕ್ಕದ ಮನೆಯ ಅಜ್ಜಿ. ವಯಸ್ಸು ತೊಂಬತ್ತರ ಹತ್ತಿರ. ಬ್ರಾಂಕ್ಸ್‌ನಲ್ಲಿ ಹುಟ್ಟಿ ಬೆಳೆದವರು. ಅಪ್ಪ ಕೋಟಿನ ಕಾರ್ಖಾನೆಯಲ್ಲಿ ಇಸ್ತ್ರಿ ಹಾಕುತ್ತಿದ್ದರಂತೆ. ಮನೆಮಾತು ಯಿಡ್ಡಿಷ್, ಅಂದರೆ ಪೂರ್ವ ಯುರೋಪಿನ ಯಹೂದಿಗಳ ಭಾಷೆ. ಭಾನುವಾರದ ಕನ್ನಡ ಕ್ಲಾಸು ತಪ್ಪಿಸಲು ಅಕ್ಕನ ಮಗಳು ಹೊಟ್ಟೆನೋವಿನ ನಾಟಕ ಶುರು ಮಾಡಿದ್ದಳು. ಬೇಲಿಯಾಚೆ ನಿಂತಿದ್ದ ಅಜ್ಜಿ ನಕ್ಕರು. "ನಾನೂ ಹೀಗೇ ಮಾಡ್ತಿದ್ದೆ. ಪಾಪ, ನಿನಗೆ ವಾರಕ್ಕೊಂದೇ ದಿನ. ನನಗೆ ಐದು ದಿನ!"

ದಿನದ ಶಾಲೆ ಬಿಟ್ಟ ಮೇಲೆ ಅವರು ಹೋಗುತ್ತಿದ್ದ ಯಿಡ್ಡಿಷ್ ಶಾಲೆಗೆ 'ಶೂಲೆ' ಅಂತಲೇ ಹೆಸರು. ಯಿಡ್ಡಿಷ್‌ನಲ್ಲಿ 'ಶೂಲ್' ಅಂದರೆ ಪ್ರಾರ್ಥನಾ ಮಂದಿರ, 'ಶೂಲೆ' ಅಂದರೆ ಶಾಲೆ. ನಮಗೆ ಶೂಲೆ ಅಂದರೆ ಹೊಟ್ಟೆಶೂಲೆ, ಅಲ್ವಾ? ಅಕ್ಕನ ಮಗಳ ಪಾಲಿಗೆ ಎರಡೂ ಒಂದೇ.

ಮೊದಲು ಹೋಗಿದ್ದು ಮ್ಯಾನ್‌ಹಟನ್‌ನ ಲೋವರ್ ಈಸ್ಟ್ ಸೈಡ್‌ಗೆ. ಈಸ್ಟ್ ಬ್ರಾಡ್‌ವೇ ಸ್ಟೇಷನ್ನಿನಿಂದ ಮೇಲೆ ಬಂದರೆ ಸಾಕು, ಹತ್ತು ಮಹಡಿಯ ಫಾರ್ವರ್ಡ್ ಕಟ್ಟಡ ಕಾಣುತ್ತದೆ. 1912ರದ್ದು. ಯಿಡ್ಡಿಷ್ ಪತ್ರಿಕೆ 'ಫೊರ್ವೆರ್ಟ್ಸ್' ಹೊರಡುತ್ತಿದ್ದ ಮನೆ. ನೆತ್ತಿಯ ಮೇಲೆ ಹೀಬ್ರೂ ಲಿಪಿಯಲ್ಲಿ ಪತ್ರಿಕೆಯ ಹೆಸರು, ಬಾಗಿಲ ಮೇಲೆ ಕಲ್ಲಿನಲ್ಲಿ ಮಾರ್ಕ್ಸ್, ಎಂಗೆಲ್ಸ್. ಒಳಗೆ ಈಗ ದುಬಾರಿ ಫ್ಲ್ಯಾಟುಗಳು. ಮಾರ್ಕ್ಸ್ ಗಡ್ಡದ ಕೆಳಗಿಂದ ಒಬ್ಬರು ಪುಟ್ಟ ನಾಯಿಗೆ ಸ್ವೆಟರ್ ತೊಡಿಸಿಕೊಂಡು ಹೊರಬಂದರು. ಭಾವನಿಗೆ ಅವತ್ತು ಮೊದಲ ಸಲ ನಗು ಬಂತು.

1881ರಿಂದ 1924ರವರೆಗೆ ಪೂರ್ವ ಯುರೋಪಿನಿಂದ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಯಹೂದಿಗಳು ಅಮೆರಿಕಕ್ಕೆ ಬಂದರು. ತುಂಬಾ ಜನ ಇದೇ ಸುತ್ತಮುತ್ತ ಬಟ್ಟೆ ಹೊಲಿದು ಹೊಟ್ಟೆ ಹೊರೆದರು. ಮಕ್ಕಳು ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಕಲಿತು, ಅಪ್ಪ-ಅಮ್ಮನ ಮಾತಿಗೆ ನಾಚಿಕೊಳ್ಳತೊಡಗಿದರು. ಹಳೇ ಕಾಲದ 'ಖೇಡರ್' ಎಂಬ ಪಾಠಶಾಲೆ ಇತ್ತು, ಆದರೆ ಅಲ್ಲಿ ಧರ್ಮಪಾಠವೇ ಮುಖ್ಯ. ಈ ಅಪ್ಪಂದಿರಲ್ಲಿ ಎಷ್ಟೋ ಜನ ದೇವರನ್ನು ಬಿಟ್ಟು ಯೂನಿಯನ್ ಹಿಡಿದವರು. ಅವರಿಗೆ ಬೇಕಾಗಿದ್ದೇ ಬೇರೆ. ಹಾಗಾಗಿ 'ಅರ್ಬೆಟರ್ ರಿಂಗ್', ಅಂದರೆ ಕಾರ್ಮಿಕರ ಬಳಗ, 1918ರ ಹೊತ್ತಿಗೆ ತನ್ನದೇ ಶೂಲೆಗಳನ್ನು ತೆರೆಯಿತು. ಗಂಡು-ಹೆಣ್ಣು ಮಕ್ಕಳು ಒಟ್ಟಿಗೆ. ಯಿಡ್ಡಿಷ್ ಓದು-ಬರಹ, ಕಥೆ, ಚರಿತ್ರೆ, ಹಾಡು. ದೇವರಿಲ್ಲ, ಆದರೆ ಹಬ್ಬ ಇದೆ. ಪಾಸೋವರ್ ಅಂದರೆ ಗುಲಾಮರು ಬಿಡುಗಡೆಯಾದ ಹಬ್ಬ, ಹಾಗಾಗಿ ಮೇ ದಿನಕ್ಕೆ ಅದು ಅಕ್ಕನೋ ತಂಗಿಯೋ ಆಗುತ್ತಿತ್ತು.

ಹದಿನಾಲ್ಕನೇ ಸ್ಟ್ರೀಟಿನಲ್ಲಿ ಉದ್ದದ ಸುರಂಗದಲ್ಲಿ ನಡೆದು 2ನೇ ನಂಬರಿನ ರೈಲು ಹಿಡಿದೆವು. ಬ್ರಾಂಕ್ಸ್‌ನಲ್ಲಿ ರೈಲು ನೆಲದಿಂದ ಎದ್ದು ಕಂಬಗಳ ಮೇಲೆ ಓಡುತ್ತದೆ. ಅಲರ್ಟನ್ ಅವೆನ್ಯೂದಲ್ಲಿ ಇಳಿದು ಪಾರ್ಕಿನ ಕಡೆ ನಡೆದರೆ 'ಕೂಪ್ಸ್'. 1926ರಿಂದ ಕಮ್ಯುನಿಸ್ಟ್ ಒಲವಿನ ಕೆಲಸಗಾರರು ಸೇರಿ ಕಟ್ಟಿಕೊಂಡ ಏಳುನೂರಕ್ಕೂ ಹೆಚ್ಚು ಮನೆಗಳು. ಇಟ್ಟಿಗೆ ಗೋಡೆ, ನಡುವೆ ದೊಡ್ಡ ತೋಟ. ಒಂದು ಬಾಗಿಲ ಮೇಲೆ ಸುತ್ತಿಗೆ-ಕುಡುಗೋಲು ಕೆತ್ತಿದ್ದಾರೆ. ಅದರ ಕೆಳಗೆ ಪಿಜ್ಜಾ ಹುಡುಗ ಯಾರಿಗೋ ಫೋನ್ ಮಾಡುತ್ತಾ ನಿಂತಿದ್ದ. 1943ರಲ್ಲಿ ನಿವಾಸಿಗಳು ಬಾಡಿಗೆ ಏರಿಸಲು ಒಪ್ಪಲಿಲ್ಲ. ಕಟ್ಟಡ ಅವರ ಸಹಕಾರ ಸಂಘದ ಕೈತಪ್ಪಿತು. ತತ್ವವೇನೋ ಉಳಿಯಿತು, ಮನೆ ಹೋಯಿತು. ಸುಮ್ನೆ ಒಂದಿಷ್ಟು ಬಾಡಿಗೆ ಕೊಡಬಾರದಿತ್ತಾ ಅನ್ನಿಸಿತು ನನಗೆ.

ಜಗಳದಲ್ಲಿ ಇವರನ್ನು ಮೀರಿಸುವವರಿಲ್ಲ. ಬ್ರಾಂಕ್ಸ್ ಒಂದರಲ್ಲೇ ಇಂಥ ನಾಲ್ಕು ಯಹೂದಿ ಕಾರ್ಮಿಕ ವಸತಿಗಳಿದ್ದವು. ಕಮ್ಯುನಿಸ್ಟರದ್ದು ಒಂದು, ಸಮಾಜವಾದಿಗಳದ್ದು ಒಂದು, ಯಹೂದಿಗಳಿಗೆ ಸ್ವಂತ ನಾಡು ಬೇಕು ಅನ್ನುವ ಕಾರ್ಮಿಕ ಜಿಯೋನಿಸ್ಟರದ್ದು ಒಂದು, ಯಿಡ್ಡಿಷ್ ಭಾಷೆಯೇ ಸರ್ವಸ್ವ ಅನ್ನುವವರದ್ದು ಇನ್ನೊಂದು. ಶೂಲೆಗಳೂ ಹಾಗೇ ಒಡೆದವು. ಅರ್ಬೆಟರ್ ರಿಂಗ್‌ನಿಂದ ಸಿಡಿದ ಎಡಪಂಥೀಯರು 1930ರಲ್ಲಿ ಬೇರೆ ಸಂಘ ಕಟ್ಟಿ, ಶೂಲೆಗಳನ್ನು ನಡೆಸಿದರು. 1950ರ ದಶಕದ ಕಮ್ಯುನಿಸ್ಟ್ ಬೇಟೆಯಲ್ಲಿ ಆ ಸಂಘವನ್ನು ನ್ಯೂಯಾರ್ಕ್ ರಾಜ್ಯವೇ ಮುಚ್ಚಿಸಿತು.

ಸಂಜೆ ವಾಪಸ್ ಬಂದು ಅಜ್ಜಿಗೆ ಫೋಟೋ ತೋರಿಸಿದೆ. ಬಾಗಿಲ ಕೆತ್ತನೆಯನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. ಆಮೇಲೆ ದಿನಸಿ ಬಿಲ್ಲಿನ ಹಿಂಭಾಗದಲ್ಲಿ ಬಲದಿಂದ ಎಡಕ್ಕೆ ಒಂದು ಪದ ಬರೆದರು. 'ಶಾಬೆಸ್', ಶನಿವಾರದ ವಿಶ್ರಾಂತಿ ದಿನ. ಅದರ ಕೆಳಗೆ ಮತ್ತೆ ಅದೇ ಪದ. ಮೇಲಿನದರಲ್ಲಿ ಮೂರು ಅಕ್ಷರ, ಕೆಳಗಿನದರಲ್ಲಿ ಐದು.

ಮೂರಕ್ಷರದ್ದು ಹೀಬ್ರೂವಿನಿಂದ ಇದ್ದ ಹಾಗೇ ಬಂದದ್ದು. ಐದಕ್ಷರದ್ದು ಬಾಯಲ್ಲಿ ಹೇಳುವ ಹಾಗೆ. ಸೋವಿಯತ್ ಒಕ್ಕೂಟದಲ್ಲಿ ಹೀಬ್ರೂ ಕಾಗುಣಿತ ಕೈಬಿಟ್ಟಾಗ ಇಲ್ಲಿನ ಎಡಪಂಥೀಯರಲ್ಲೂ ಕೆಲವರು ಅದನ್ನೇ ಹಿಡಿದರು. ನಮ್ಮಲ್ಲಿ ಮಹಾಪ್ರಾಣ ಬೇಕೋ ಬೇಡವೋ ಅಂತ ಜಗಳ ಆಡಲ್ವಾ, ಹಾಗೇ. ಬರೆದ ಸಾಲು ನೋಡಿದರೆ ಸಾಕು, ಬರೆದವರ ಪಕ್ಷ ಗೊತ್ತಾಗುತ್ತಿತ್ತಂತೆ.

"ನಿಮ್ಮ ಶೂಲೆಯಲ್ಲಿ ಯಾವುದು?" ಅಂದೆ.

ಐದಕ್ಷರದ ಮೇಲೆ ಬೆರಳಿಟ್ಟರು. "ಇದು. ಆದರೆ ನನ್ನ ಗಂಡನ ಮನೆಯವರು ಅರ್ಬೆಟರ್ ರಿಂಗ್. ಅತ್ತೆಗೆ ಕಾಗದ ಬರೀವಾಗ ಮಾತ್ರ ಮೂರೇ ಅಕ್ಷರ ಬರೀತಿದ್ದೆ."