ಬಾವಲಿ ಒಂದು ಕಡೆ, ಬಸವನಹುಳು ಇನ್ನೊಂದು ಕಡೆ

1 ಜನವರಿ 2025, ಬುಧವಾರ

ಜಾರ್ಜ್ ಸತ್ತು ಇವತ್ತಿಗೆ ಆರು ವರ್ಷ. ಹವಾಯಿಯ ಒವಾಹು ದ್ವೀಪದ ಮರದ ಬಸವನಹುಳು ಅದು. ಅಕಟಿನೆಲ್ಲಾ ಏಪೆಕ್ಸ್‌ಫುಲ್ವಾ ಅನ್ನೋ ಜಾತಿಯಲ್ಲಿ ಗೊತ್ತಿದ್ದ ಕೊನೆಯ ಜೀವ. ಹುಟ್ಟಿದ್ದೂ ಸತ್ತಿದ್ದೂ ಮನುಷ್ಯರ ಆರೈಕೆಯಲ್ಲೇ. ಹೆಸರೇನೋ ಗಂಡಿನದು, ಆದರೆ ಈ ಹುಳುಗಳಲ್ಲಿ ಪ್ರತಿಯೊಂದೂ ಗಂಡೂ ಹೌದು, ಹೆಣ್ಣೂ ಹೌದು. ಹಾಗಿದ್ದೂ ಜಾರ್ಜ್‌ಗೆ ಜೊತೆ ಬೇಕಿತ್ತು. ಸಿಗಲೇ ಇಲ್ಲ.

ಬೆಳಿಗ್ಗೆ ಸುಮ್ನೆ ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ ಒವಾಹುವಿನ ಬಸವನಹುಳು, ಬಲಕ್ಕೆ ಹವಾಯಿ ಬಾವಲಿ. ವ್ಯತ್ಯಾಸ ಬರೆಯೋಣ ಅಂತ ಕೂತರೆ ಮೊದಲು ಬಂದಿದ್ದೆಲ್ಲ ಹೋಲಿಕೆಗಳೇ. ಈ ಬಾವಲಿ ಗುಂಪು ಕಟ್ಟಿ ಗುಹೆ ಸೇರುವುದಿಲ್ಲ. ಹಗಲೆಲ್ಲ ಮರದ ಎಲೆಗಳ ಮರೆಯಲ್ಲಿ ಒಂಟಿಯಾಗಿ ನೇತಾಡುತ್ತದೆ. ಅಲ್ಲಿನವರು ಅದನ್ನು ಓಪೆಅಪೆಅ ಅನ್ನುತ್ತಾರೆ. ಕೆಸುವಿನ ಅರ್ಧ ಎಲೆಯ ಹಾಗೆ ಕಾಣುವುದಕ್ಕೆ ಆ ಹೆಸರಂತೆ. ಬಸವನಹುಳುವೂ ಎಲೆಯ ಅಡಿಯಲ್ಲೇ ಹಗಲು ಕಳೆಯುತ್ತದೆ. ಇನ್ನೊಂದು ನನಗೆ ಗೊತ್ತೇ ಇರಲಿಲ್ಲ: ಈ ಹುಳು ಮೊಟ್ಟೆ ಇಡಲ್ಲ, ಮರಿ ಹಾಕುತ್ತದೆ! ಸಲಕ್ಕೆ ಒಂದೇ, ಪುಟ್ಟ ಚಿಪ್ಪಿನ ಸಮೇತ.

ರಾತ್ರಿಯಾದರೆ ದಾರಿ ಬೇರೆ. ಬಾವಲಿ ಪತಂಗ, ಜೀರುಂಡೆ ಹಿಡಿಯಲು ಹಾರುತ್ತದೆ. ಹದಿನೈದು ಗ್ರಾಂ ಆಸುಪಾಸಿನ ಪ್ರಾಣಿ, ಇದರ ಪೂರ್ವಿಕರು ಉತ್ತರ ಅಮೆರಿಕದಿಂದ ಸಾವಿರಾರು ಕಿಲೋಮೀಟರ್ ಸಮುದ್ರ ದಾಟಿ ಬಂದವು. ಹುಳು ಮಾತ್ರ ಅದೇ ಎಲೆ ಮೇಲೆ ತೆವಳುತ್ತದೆ. ಎಲೆಯನ್ನು ತಿನ್ನುವುದಿಲ್ಲ. ಅರದ ಹಾಗೆ ಸಾಲು ಹಲ್ಲಿರುವ ನಾಲಿಗೆಯಿಂದ ಎಲೆ ಮೇಲಿನ ತೆಳು ಬೂಷ್ಟನ್ನಷ್ಟೇ ಕೆರೆದುಕೊಳ್ಳುತ್ತದೆ. ಎಲೆಗೆ ಒಂದು ಗೀರೂ ಬೀಳಲ್ಲ. ಎಷ್ಟೋ ಹುಳುಗಳ ಆಯಸ್ಸು ಒಂದೇ ಮರದಲ್ಲಿ ಮುಗಿಯುತ್ತದೆ.

ಇಂಥದ್ದರ ಮೇಲೆ 1955ರಲ್ಲಿ ಬೇಟೆಗಾರ ಬಸವನಹುಳುವನ್ನು ತಂದು ಬಿಟ್ಟರು, ಆಫ್ರಿಕಾದ ದೈತ್ಯ ಬಸವನಹುಳುವಿನ ಕಾಟ ತಡೆಯಲು. ಆ ಬೇಟೆಗಾರ ಇವುಗಳ ಲೋಳೆಯ ಜಾಡು ಹಿಡಿದು ಮರ ಹತ್ತಿತು. ಈ ಐಡಿಯಾ ಕೊಟ್ಟವರಿಗೆ ಏನು ಹೇಳೋದು? ಇಲಿಗಳ ಕಾಟವಂತೂ ಇದ್ದೇ ಇದೆ. ಉಳಿದಿರುವ ಬೇರೆ ಜಾತಿಯ ಹುಳುಗಳ ಸುತ್ತ ಈಗ ಬೇಲಿ ಹಾಕಿದ್ದಾರೆ. ಬಾವಲಿಗೆ ಬೇಲಿಯೇ ಅಪಾಯ, ಮುಳ್ಳುತಂತಿಗೆ ಸಿಕ್ಕಿ ಸಾಯುತ್ತದೆ. ಗಾಳಿಯಂತ್ರಗಳ ರೆಕ್ಕೆಗೂ ಬಲಿಯಾಗುತ್ತದೆ.

ಹಾಳೆಯ ಎಡಗಡೆ ಕೊನೆಗೆ ಒಂದು ಸಾಲು ಸೇರಿಸಿದೆ. 2017ರಲ್ಲಿ ಜಾರ್ಜ್‌ನ ಪಾದದಿಂದ 2 ಮಿಲಿಮೀಟರ್ ಚೂರು ತೆಗೆದು ಸ್ಯಾನ್ ಡಿಯಾಗೋದಲ್ಲಿ ಶೈತ್ಯೀಕರಿಸಿ ಇಟ್ಟಿದ್ದಾರೆ. ಅಷ್ಟು ಮಾತ್ರ ಸಮುದ್ರ ದಾಟಿದೆ, ಬಾವಲಿ ಬಂದ ಕಡೆಗೇ.