ಬಜ್ಪೆ ರನ್‌ವೇಯ ನಾಲ್ಕು ದೀಪಗಳು

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ 24 ನಂಬರಿನ ರನ್‌ವೇಗೆ (24 ಅಂದರೆ ಸುಮಾರು 240 ಡಿಗ್ರಿ ದಿಕ್ಕು) ಇಳಿಯುವ ಪೈಲಟ್‌ಗೆ ಕೊನೆಯ ಹೊತ್ತಿನಲ್ಲಿ ದಾರಿ ತೋರಿಸುವುದು ರನ್‌ವೇ ಪಕ್ಕದ ನಾಲ್ಕು ದೀಪಗಳು. ಪ್ಯಾಪಿ ಅಂತಾರೆ. ಎರಡು ಬಿಳಿ, ಎರಡು ಕೆಂಪು ಕಂಡರೆ ಎತ್ತರ ಸರಿ ಇದೆ. ನಾಲ್ಕೂ ಬಿಳಿಯಾದರೆ ಜಾಸ್ತಿ ಮೇಲಿದ್ದೀರಿ, ನಾಲ್ಕೂ ಕೆಂಪಾದರೆ ತೀರಾ ಕೆಳಗಿದ್ದೀರಿ. ಅಕ್ಕನ ಮಗ ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್‌ನಲ್ಲಿ ಈ ನಾಲ್ಕೂ ಸೇರಿ ಒಂದೇ ಗುಲಾಬಿ ಕಲೆಯಾಗಿ ಕಾಣುತ್ತಿದ್ದವು. "ಮಾಮ, ಇದರಲ್ಲಿ ಲ್ಯಾಂಡಿಂಗ್ ಮಾಡೋದು ಹೇಗೆ? ಎಂತದೂ ಗೊತ್ತಾಗುದಿಲ್ಲ" ಅಂತ ಫೋನ್ ಮಾಡಿದ. ಭಾನುವಾರ, ಜೋರು ಮಳೆ. ಹೊರಟೆ.

ಅವನಿಗೆ ಇದು ಬರೀ ಆಟ ಅಲ್ಲ. ಪಿಯುಸಿ ಓದುತ್ತಿದ್ದಾನೆ, ಪೈಲಟ್ ಆಗಬೇಕು ಅಂತ ಆಸೆ. ಅಕ್ಕನ ಮನೆ ಇರುವುದು ಕಾವೂರಿನಲ್ಲಿ. ನಮ್ಮ ವಿಮಾನ ನಿಲ್ದಾಣ ಗುಡ್ಡದ ತಲೆ ಕಡಿದು ಮಾಡಿದ ಟೇಬಲ್‌ಟಾಪ್. ರನ್‌ವೇ ಉದ್ದ 2,450 ಮೀಟರ್, ಅದು ಮುಗಿದಲ್ಲಿಂದ ಆಚೆ ಕಣಿವೆ. 2010ರ ಮೇ 22ರಂದು ಇದೇ 24 ನಂಬರಿನ ರನ್‌ವೇಗೆ ವಿಪರೀತ ಎತ್ತರದಿಂದ ಬಂದ ವಿಮಾನ ತುಂಬಾ ಮುಂದೆ ನೆಲ ಮುಟ್ಟಿ ಆಚೆ ಉರುಳಿತು. 158 ಜನ ಹೋದರು. ಊರಿನಲ್ಲಿ ಯಾರೂ ಅದನ್ನು ಮರೆತಿಲ್ಲ. ಹಾಗಾಗಿ ಹುಡುಗ ಆ ದೀಪಗಳನ್ನು ನೋಡಿಯೇ ಇಳಿಯಬೇಕು ಅಂತ ಹಟ ಹಿಡಿದರೆ ನನಗೆ ಅದು ದೊಡ್ಡ ವಿಷಯವೇ.

ಮನೆಯಲ್ಲಿರುವುದು ಹಳೇ ಕಂಪ್ಯೂಟರ್. ಅದರಲ್ಲಿ 2006ರಲ್ಲಿ ಬಂದ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಚೆನ್ನಾಗಿಯೇ ಓಡುತ್ತದೆ. ಮಾನಿಟರ್ ಬದಲು ಹಾಲ್‌ನ 32 ಇಂಚಿನ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿಕೊಂಡಿದ್ದಾನೆ. ಹಿಂದಿನ ವಾರದವರೆಗೂ ಎಲ್ಲ ಸರಿ ಇತ್ತು. ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದ್ದಕ್ಕೆ ಕಂಪ್ಯೂಟರನ್ನು ನೋಡದೆಯೇ "ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಹೊಸದು ಹಾಕಿ" ಅಂದಿದ್ದರಂತೆ. ಕಾರ್ಡ್ ಕೆಟ್ಟರೆ ಸ್ಕ್ರೀನ್ ಮೇಲೆ ಗೆರೆ, ಚುಕ್ಕಿ ಬರುತ್ತವೆ, ಇಲ್ಲವೇ ಕಂಪ್ಯೂಟರೇ ನಿಂತುಹೋಗುತ್ತದೆ. ಇಲ್ಲಿ ಹಾಗೇನೂ ಇರಲಿಲ್ಲ. ಕಾಕ್‌ಪಿಟ್‌ನಲ್ಲಿ ಎತ್ತರ ತೋರಿಸುವ ಡಯಲ್, ಆಲ್ಟಿಮೀಟರ್ ಮಾತ್ರ ಅಡ್ಡ ಮಲಗಿಸಿದ ಮೊಟ್ಟೆಯ ಹಾಗೆ ಕಾಣುತ್ತಿತ್ತು. ಮುಳ್ಳು ಸರಿಯಾಗಿಯೇ ತಿರುಗುತ್ತಿತ್ತು, ಅಂಕಿ ಮಾತ್ರ ಓದಲು ಆಗುತ್ತಿರಲಿಲ್ಲ. ದುಂಡಗಿನ ಡಯಲ್ ಉದ್ದವಾಗಿದೆ ಅಂದರೆ ಎಲ್ಲೋ ಚಿತ್ರವನ್ನು ಅಡ್ಡಕ್ಕೆ ಎಳೆಯುತ್ತಿದ್ದಾರೆ ಅಂತ ಅರ್ಥ. ಯಾರು ಎಳೆಯುತ್ತಿದ್ದಾರೆ ಅನ್ನುವುದೇ ಪ್ರಶ್ನೆ.

ಚಿತ್ರ ನಮ್ಮ ಕಣ್ಣಿಗೆ ಬರುವ ಮೊದಲು ಮೂರು ಕೈ ದಾಟುತ್ತದೆ. ಸಿಮ್ಯುಲೇಟರ್ ಒಂದು ಅಳತೆಯಲ್ಲಿ ಚಿತ್ರ ಮಾಡುತ್ತದೆ, ವಿಂಡೋಸ್ ಒಂದು ಅಳತೆಯಲ್ಲಿ ಕಳಿಸುತ್ತದೆ, ಟಿವಿ ತನ್ನ ಅಳತೆಗೆ ಹೊಂದಿಸಿಕೊಳ್ಳುತ್ತದೆ. ಮೂವರೂ ಒಂದೇ ಲೆಕ್ಕ ಹೇಳಬೇಕು. ಇದನ್ನು ಕಂಡುಹಿಡಿಯಲು ಒಂದು ಸುಲಭದ ದಾರಿ ಉಂಟು, ಸ್ಕ್ರೀನ್‌ಶಾಟ್. ಪ್ರಿಂಟ್ ಸ್ಕ್ರೀನ್ ಒತ್ತಿದರೆ ಸಿಗುವುದು ಕಂಪ್ಯೂಟರ್ ಒಳಗಿನ ಚಿತ್ರ, ಟಿವಿ ಏನು ಮಾಡುತ್ತದೋ ಅದು ಅದರಲ್ಲಿ ಬರುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಹಾಕಿ ನೋಡಿದೆವು. ಡಯಲ್ ಗುಂಡಗೆ ಇತ್ತು! ಚಿತ್ರದ ಅಳತೆ 1024×768. ಅಂದರೆ ಅಗಲ, ಎತ್ತರ 4:3 ಅನುಪಾತದಲ್ಲಿರುವ ಚಿತ್ರ ಹೋಗುತ್ತಿದೆ, 16:9ರ ಟಿವಿ ಅದನ್ನು ಎಳೆದು ತುಂಬಿಸಿಕೊಳ್ಳುತ್ತಿದೆ.

"ಕರೆಂಟ್ ಹೋಗಿತ್ತಾ?" ಅಂತ ಕೇಳಿದೆ. ಮಳೆಗಾಲದಲ್ಲಿ ಕೇಳಬೇಕಾ! ಕಂಪ್ಯೂಟರ್ ಯುಪಿಎಸ್‌ನಲ್ಲಿ ನಡೆಯುತ್ತಿದ್ದಾಗ ಟಿವಿ ಆಫ್ ಆಗಿದೆ. ಟಿವಿ, ಮಾನಿಟರ್‌ಗಳು ತಮ್ಮ ಅಳತೆ ಎಷ್ಟು ಅಂತ ಕೇಬಲ್ ಮೂಲಕ ಕಂಪ್ಯೂಟರ್‌ಗೆ ಹೇಳುತ್ತವೆ, ಅದಕ್ಕೆ ಇಡಿಐಡಿ ಅಂತ ಹೆಸರು. ಆ ಮಾಹಿತಿ ಸಿಗದಿದ್ದರೆ ವಿಂಡೋಸ್ ಯಾವ ಪರದೆಗೂ ಆಗುವಂಥ ಸಣ್ಣ ಅಳತೆಗೆ ಇಳಿಯುತ್ತದೆ. ಟಿವಿ ಆನ್ ಇಟ್ಟುಕೊಂಡು ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿ ಮತ್ತೆ ಹಾಕಿದೆವು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 1920×1080ರ ಜೊತೆಗೆ 1360×768 ಕೂಡ ಬಂತು.

ಹುಡುಗ ದೊಡ್ಡದನ್ನೇ ಆರಿಸಲು ಹೊರಟ. ಬೇಡ ಅಂದೆ. ಅದು ಎಚ್‌ಡಿ ರೆಡಿ ಟಿವಿ, ಅದರ ಪ್ಯಾನೆಲ್‌ನಲ್ಲಿ ಇರುವುದೇ 1366×768 ಪಿಕ್ಸೆಲ್. 1080 ಕಳಿಸಿದರೂ ತೆಗೆದುಕೊಳ್ಳುತ್ತದೆ, ಆದರೆ ಕುಗ್ಗಿಸಿ ತೋರಿಸುತ್ತದೆ. ಸಿನಿಮಾಕ್ಕೆ ಪರವಾಗಿಲ್ಲ, ಆಲ್ಟಿಮೀಟರ್‌ನ ಸಣ್ಣ ಅಂಕಿ ಮಾತ್ರ ಮಸುಕಾಗುತ್ತವೆ. ಪ್ಯಾನೆಲ್‌ನಲ್ಲಿ 1366 ಇದ್ದರೂ ಪಟ್ಟಿಯಲ್ಲಿ 1360 ಯಾಕೆ ಅಂತ ಕೇಳಿದ. ಒಳ್ಳೆ ಪ್ರಶ್ನೆ. 1366ನ್ನು 8ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ, ಡಿಸ್‌ಪ್ಲೇ ಲೆಕ್ಕಗಳು ಸಾಮಾನ್ಯವಾಗಿ 8ರ ಗುಣಕದಲ್ಲಿ ನಡೆಯುತ್ತವೆ. ಆರು ಪಿಕ್ಸೆಲ್ ಹೋದರೆ ಹೋಗಲಿ, 1360 ಆರಿಸಿದೆವು.

ಆದರೂ ಟಾಸ್ಕ್‌ಬಾರ್ ಕೆಳಗೆ ಅರ್ಧ ಕತ್ತರಿಸಿಹೋಗಿತ್ತು. ಸ್ಕ್ರೀನ್‌ಶಾಟ್‌ನಲ್ಲಿ ಪೂರ್ತಿ ಇದೆ, ಹಾಗಾದರೆ ಟಿವಿಯದ್ದೇ ಕೆಲಸ. ಹಳೇ ಕಾಲದ ಟಿವಿ ಪ್ರಸಾರಕ್ಕಾಗಿ ಅಂಚು ಕತ್ತರಿಸುವ ಅಭ್ಯಾಸ, ಓವರ್‌ಸ್ಕ್ಯಾನ್. ಮೆನುವಿನಲ್ಲಿ ಜಸ್ಟ್ ಸ್ಕ್ಯಾನ್ ಅಂತ ಇತ್ತು, ಕೆಲವು ಟಿವಿಗಳಲ್ಲಿ ಸ್ಕ್ರೀನ್ ಫಿಟ್ ಅಂತಿರುತ್ತದೆ. ಹಾಕಿದ ಕೂಡಲೇ ನಾಲ್ಕೂ ಮೂಲೆ ಸಿಕ್ಕಿತು.

ಸಿಮ್ಯುಲೇಟರ್ ತೆರೆದೆವು. ವಿಂಡೋದಲ್ಲಿ ಚಂದ ಕಂಡಿತು. ಆಲ್ಟ್ ಎಂಟರ್ ಒತ್ತಿ ಫುಲ್ ಸ್ಕ್ರೀನ್ ಮಾಡಿದರೆ ಡಯಲ್ ಮತ್ತೆ ಉದ್ದ! ಈಗ ಉಳಿದದ್ದು ಮೂರನೇ ಕೈ. ಫುಲ್ ಸ್ಕ್ರೀನ್‌ಗೆ ಅದು ತನ್ನದೇ ಅಳತೆ ಇಟ್ಟುಕೊಳ್ಳುತ್ತದೆ, ವಿಂಡೋಸನ್ನು ಕೇಳುವುದಿಲ್ಲ. ಯೂಸರ್ ಫೋಲ್ಡರ್‌ನ ಆಪ್‌ಡೇಟಾ, ಅದರೊಳಗೆ ರೋಮಿಂಗ್, ಮೈಕ್ರೋಸಾಫ್ಟ್, ಎಫ್‌ಎಸ್‌ಎಕ್ಸ್ ಅಂತ ಹೋದರೆ ಎಫ್‌ಎಸ್‌ಎಕ್ಸ್ ಡಾಟ್ ಸಿಎಫ್‌ಜಿ ಅನ್ನುವ ಫೈಲ್ ಸಿಗುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ, ಗ್ರಾಫಿಕ್ಸ್ ಕಾರ್ಡ್ ಹೆಸರಿನ ಕೆಳಗೆ ಮೋಡ್ ಅನ್ನುವ ಸಾಲಿನಲ್ಲಿ 1024×768×32 ಅಂತ ಕೂತಿತ್ತು. ಕೊನೆಯ 32 ಬಣ್ಣದ ಬಿಟ್‌ಗಳು, ಅದನ್ನು ಮುಟ್ಟಬಾರದು. ಸಿಮ್ಯುಲೇಟರ್ ಮುಚ್ಚಿಯೇ ತಿದ್ದಬೇಕು, ಇಲ್ಲದಿದ್ದರೆ ಮುಚ್ಚುವಾಗ ಹಳೆಯದನ್ನೇ ಮತ್ತೆ ಬರೆದುಬಿಡುತ್ತದೆ. ಫೈಲಿನ ಒಂದು ಪ್ರತಿ ತೆಗೆದಿಟ್ಟು, 1360×768×32 ಮಾಡಿದೆವು. ಅದೇ ಫೈಲಿನಲ್ಲಿ ವೈಡ್ ವ್ಯೂ ಆಸ್ಪೆಕ್ಟ್ ಅನ್ನುವುದನ್ನು ಟ್ರೂ ಮಾಡಿದೆವು. ಅಗಲ ಪರದೆಯಲ್ಲಿ ಕಾಕ್‌ಪಿಟ್ ಮುಖಕ್ಕೇ ಬಂದಂತೆ ಕಾಣುವುದು ಅದರಿಂದ ತಪ್ಪುತ್ತದೆ. ಕೈಗೆ ಏನೂ ಹತ್ತದಿದ್ದರೆ ಫೈಲಿನ ಹೆಸರು ಬದಲಿಸಿದರಾಯಿತು, ಸಿಮ್ಯುಲೇಟರ್ ಹೊಸದನ್ನು ತಾನೇ ಮಾಡಿಕೊಳ್ಳುತ್ತದೆ.

ಅಕ್ಕ ಗೋಳಿಬಜೆ ತಂದಿಟ್ಟಳು. ಹುಡುಗ ತಿರುಗಿಯೂ ನೋಡಲಿಲ್ಲ, ಈಶಾನ್ಯದಿಂದ 24ಕ್ಕೆ ವಿಮಾನ ತಿರುಗಿಸುತ್ತಿದ್ದ. ದೂರದಲ್ಲಿ ಮೂರು ಬಿಳಿ, ಒಂದು ಕೆಂಪು, ಬೇರೆ ಬೇರೆಯಾಗಿ ಕಂಡವು. "ಸ್ವಲ್ಪ ಮೇಲಿದ್ದೇನೆ" ಅಂತ ತಾನೇ ಹೇಳಿಕೊಂಡು ಪವರ್ ಇಳಿಸಿದ. ಎರಡು ಬಿಳಿ, ಎರಡು ಕೆಂಪು.

ಇನ್ನು ಕರೆಂಟ್ ಹೋಗಿ ಬಂದಾಗಲೆಲ್ಲ ಮೊದಲು ಟಿವಿ, ಆಮೇಲೆ ಕಂಪ್ಯೂಟರ್ ಅಂತ ಹೇಳಿ ಬಂದಿದ್ದೇನೆ. ಕಾರ್ಡ್‌ಗೆ ಅಂತ ಅಕ್ಕ ತೆಗೆದಿಟ್ಟ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದು ಜಾಯ್‌ಸ್ಟಿಕ್ ಕೊಡಿಸುವುದು ಅಂತ ಮಾತಾಗಿದೆ. ಕೀಬೋರ್ಡ್‌ನಲ್ಲಿ ಕ್ರಾಸ್‌ವಿಂಡ್, ಅಂದರೆ ಅಡ್ಡ ಬೀಸುವ ಗಾಳಿ ಸಂಭಾಳಿಸುವುದು ಅವನಿಗೆ ಈಗಲೂ ಕಷ್ಟವೇ.