ಕಂದಾಚಾರದವರು

ಹೊಸ ಸ್ಕೂಟರಿಗೆ ನಮ್ಮಮ್ಮ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಕಟ್ಟಿದ್ದರು. ಮಗಳು ನೋಡಿದವಳೇ "ಏನಜ್ಜಿ ಇದು ಕಂದಾಚಾರ" ಅಂದಳು. ಅಮ್ಮ ಮುಖ ಊದಿಸಿಕೊಂಡರು. ನನಗೆ ನಗು ಬಂತು. ಯಾಕಂದರೆ ಇದೇ ಚಿತ್ರದುರ್ಗದಲ್ಲಿ ಇನ್ನೂರು ವರ್ಷದ ಹಿಂದೆ ಯಾರನ್ನಾದರೂ ಕಂದಾಚಾರದವನು ಅಂದಿದ್ದರೆ ಅವನು ಮೀಸೆ ತಿರುವುತ್ತಿದ್ದನೇನೋ.

ಆಗ ಮೈಸೂರು ಸೀಮೆಯಲ್ಲಿ ಕಂದಾಚಾರ ಅಂದರೆ ಊರೂರಲ್ಲೇ ಇರುವ ಕಾಲಾಳು ಪಡೆ. ಪೂರ್ತಿ ಸಿಪಾಯಿಗಳೂ ಅಲ್ಲ, ಪೂರ್ತಿ ರೈತರೂ ಅಲ್ಲ. ಮಳೆ ಬಿದ್ದರೆ ಹೊಲ, ಕರೆ ಬಂದರೆ ಕೋವಿ. ಸ್ವಲ್ಪ ಸಂಬಳ, ಜೊತೆಗೆ ನೆಲದ ಅನುಕೂಲ. ಅವರ ಮೇಲೆ ಬಕ್ಷಿ ಅಂತ ಒಬ್ಬ ಅಧಿಕಾರಿ.

ನನಗೆ ಇದರಲ್ಲಿ ಇಷ್ಟವಾಗೋದು ದಿವಾನ್ ಪೂರ್ಣಯ್ಯನವರ ಲೆಕ್ಕಾಚಾರ. 1779ರಲ್ಲಿ ಹೈದರ್ ದುರ್ಗ ಹಿಡಿದು ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಒಯ್ದ. ಈ ಸೀಮೆಯ ಸುಮಾರು 20,000 ಜನರನ್ನೂ ಅಲ್ಲಿಗೇ ಸಾಗಿಸಿದ, ಅದರಲ್ಲಿದ್ದ ಹುಡುಗರನ್ನು ಚೇಲಾ ಪಡೆಗೆ, ಅಂದರೆ ಸೆರೆ ತಂದ ಹುಡುಗರನ್ನು ಸಿಪಾಯಿ ಮಾಡೋ ಪಡೆಗೆ, ಸೇರಿಸಿದ ಅಂತ ಆ ಕಾಲದ ಇಂಗ್ಲಿಷರು ಬರೆದಿಟ್ಟಿದ್ದಾರೆ. ಅದಾಗಿ ಇಪ್ಪತ್ತು ವರ್ಷಕ್ಕೆ ಟಿಪ್ಪುವೂ ಹೋದ. ಈಗ ಊರ ತುಂಬ ಯುದ್ಧ ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲದ, ಕೆಲಸವೂ ಇಲ್ಲದ ಗಂಡಸರು. ಇವರನ್ನು ಹಾಗೇ ಬಿಟ್ಟರೆ ಇವತ್ತಲ್ಲ ನಾಳೆ ಯಾವನೋ ಪಾಳೇಗಾರನ ಹಿಂದೆ ಹೋಗೇ ಹೋಗ್ತಾರೆ, ಅಲ್ವಾ? ಅದಕ್ಕೇ ಪೂರ್ಣಯ್ಯ ಆದಷ್ಟು ಮನೆಗೊಬ್ಬರಂತೆ ಕಂದಾಚಾರಕ್ಕೆ ಸೇರಿಸಿಕೊಂಡರು. ಮನೆಯ ಒಬ್ಬ ಸರ್ಕಾರದ ಅನ್ನ ಉಂಡರೆ ಉಳಿದವರು ದಂಗೆ ಏಳೋ ಮುಂಚೆ ಎರಡು ಸಲ ಯೋಚಿಸ್ತಾರೆ. ಬಂದೋಬಸ್ತೂ ಆಯ್ತು, ಹೊಟ್ಟೆಪಾಡೂ ಆಯ್ತು.

1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಕಂದಾಚಾರದವರು ತಾಲ್ಲೂಕಿನ ಅಮಲ್ದಾರರ ಕೆಳಗೆ, ಹೋಬಳಿದಾರ ದಫೇದಾರರ ಮಾತು ಕೇಳಿಕೊಂಡು, ಪೊಲೀಸರ ಕೆಲಸ ಮಾಡಿಕೊಂಡಿದ್ದರು. ಆಮೇಲೆ ಹೊಸ ಪೊಲೀಸು ಬಂತು, ಹೆಸರೂ ಹೋಯ್ತು. ಉಳಿದದ್ದು ಅಜ್ಜಿಯನ್ನು ರೇಗಿಸೋಕೆ ಒಂದು ಪದ.

ತಮಾಷೆ ಏನು ಗೊತ್ತಾ, ನಮ್ಮವರ ಬಿಡುವಿನ ಸಿಪಾಯಿಗಿರಿ ಹೋದ ಹಾಗೆ ಇಂಗ್ಲಿಷರದ್ದು ಶುರುವಾಯ್ತು. 1857ರ ದಂಗೆಯ ಹೆದರಿಕೆ ಇನ್ನೂ ಹೋಗಿರಲಿಲ್ಲ. 1868ರಲ್ಲಿ ಬೆಂಗಳೂರು ರೈಫಲ್ ವಾಲಂಟಿಯರ್ಸ್ ಹುಟ್ಟಿತು. ವ್ಯಾಪಾರಿಗಳು, ಗುಮಾಸ್ತರು ಬಿಡುವಿನಲ್ಲಿ ಡ್ರಿಲ್ ಮಾಡೋದು, ಗುರಿ ಹೊಡೆಯೋದು. ರೈಲ್ವೆಯವರದ್ದೇ ಬೇರೆ ಪಡೆಗಳಿದ್ದವು. ದಾವಣಗೆರೆ ಮೇಲೆ ಹರಿಹರಕ್ಕೆ ರೈಲು ಓಡಿಸುತ್ತಿದ್ದ ಸದರ್ನ್ ಮರಾಠಾ ರೈಲ್ವೆಗೂ ಒಂದು ರೈಫಲ್ಸ್ ಇತ್ತು. ಡ್ರೈವರು, ಗಾರ್ಡು ಆಗಿದ್ದ ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು ಇಂಥ ಪಡೆಗಳಲ್ಲಿ ಇರುತ್ತಿದ್ದರು. ಹಳಿ ಮೇಲೆ ಬಿಸಿಲಲ್ಲಿ ಬೆವರು ಸುರಿಸೋ ಗ್ಯಾಂಗ್‌ಮನ್‌ಗೆ ಮಾತ್ರ ಬಂದೂಕು ಮುಟ್ಟೋ ಹಾಗಿಲ್ಲ. ಹಳಿ ಕಾಯಬೇಕಾಗಿದ್ದೇ ಅವನಂಥವರಿಂದ ಅಲ್ವಾ!

1885ರಲ್ಲಿ ರಷ್ಯಾ ಜೊತೆ ಯುದ್ಧ ಆಗುತ್ತೆ ಅನ್ನೋ ಸುದ್ದಿ ಹಬ್ಬಿದಾಗ, ಓದಿದ ಭಾರತೀಯರು "ನಮ್ಮನ್ನೂ ವಾಲಂಟಿಯರ್ ಮಾಡ್ಕೊಳ್ಳಿ" ಅಂತ ಕೇಳಿದರು. ಆಗಲ್ಲ ಅಂದರು. ಕಾಂಗ್ರೆಸ್ಸು ಮೊದಮೊದಲ ಅಧಿವೇಶನಗಳಲ್ಲೇ ಇದನ್ನು ಕೇಳಿತು. ಬಾಗಿಲು ಸ್ವಲ್ಪ ತೆರೆದದ್ದು 1917ರಲ್ಲಿ, ಅದೂ ಮಹಾಯುದ್ಧದಲ್ಲಿ ಜನ ಸಾಲದೆ ಹೋದಾಗ. 1920ರಲ್ಲಿ ಮತ್ತೆ ಎರಡು ಪಂಕ್ತಿ: ಅವರಿಗೆ ಆಕ್ಸಿಲಿಯರಿ ಫೋರ್ಸ್, ನಮಗೆ ಟೆರಿಟೋರಿಯಲ್ ಫೋರ್ಸ್. ಊಟದ ಮನೆಯಲ್ಲಿ ಎಲೆ ಬೇರೆ ಹಾಕಿದ ಹಾಗೆ.

1948ರಲ್ಲಿ ಬಂದ ಎನ್‌ಸಿಸಿಯಲ್ಲಿ ನಾನೂ ಎರಡು ವರ್ಷ ಇದ್ದೆ. ಭಾನುವಾರ ಬೆಳಿಗ್ಗೆ ಪರೇಡು. ಪಾಯಿಂಟ್ ಟೂ ಟೂ ರೈಫಲ್‌ನಲ್ಲಿ ಐದು ಗುಂಡು ಕೊಟ್ಟರು. ಬೋರ್ಡಿಗೆ ತಾಗಿದ್ದು ಒಂದು, ಉಳಿದ ನಾಲ್ಕು ಹಿಂದಿನ ಮಣ್ಣಿನ ದಿಬ್ಬಕ್ಕೆ. ಖಾಲಿ ಕೋಶಗಳನ್ನು ಎಣಿಸಿ ವಾಪಸ್ ಕೊಡಬೇಕಿತ್ತು. ಒಂದು ಸಿಗಲಿಲ್ಲ ಅಂತ ಇಡೀ ಪ್ಲಟೂನು ಮಂಡಿಯೂರಿ ಹುಲ್ಲಲ್ಲಿ ಹುಡುಕಿತ್ತು. ಕೊನೆಗೆ ಅದು ನನ್ನ ಬೂಟಿನೊಳಗೇ ಇತ್ತು.

ಮಗಳೂ ಈ ವರ್ಷ ಸೇರಿದ್ದಾಳೆ. ಇದನ್ನೆಲ್ಲ ಹೇಳಿದರೆ "ಹಾಗಾದ್ರೆ ನಾನೂ ಕಂದಾಚಾರದವಳೇ ಬಿಡು" ಅಂದಳು. ಅಮ್ಮ ಒಳಗಿಂದಲೇ, "ಮತ್ತೆ ನಿಂಬೆಹಣ್ಣು ಕಿತ್ತುಹಾಕಿದ್ರೆ ನೋಡು" ಅಂದರು.